ನೂರರಲ್ಲಿ ನೂರನಾಲ್ಕು ಬೇರು

ಮೊದಲಿಗೇ ಕ್ಷಮೆ ಕೇಳಿಬಿಡುವುದು ಒಳ್ಳೆಯದು. ಮರ, ಬೇರು, ಬೇರಿಗೆ ಅಂಟಿದ ಅಣಬೆ, ಭೂಮಿಯ ಅಕ್ಷಾಂಶ ಇವುಗಳ ಬಗ್ಗೆ ಮಾತನಾಡಲು ಓದಿದವರು ಬೇಕಾದಷ್ಟು ಜನ ಇದ್ದಾರೆ. ಸಂಜೆ ಕಾಲೇಜಿನ ಬೆಂಚಿನಲ್ಲಿ ಕಲಿತಷ್ಟನ್ನೇ ನೆಚ್ಚಿಕೊಂಡು ಇಂಥ ಕಥೆಗೆ ಕೈ ಹಾಕುವುದು ಅಧಿಕಪ್ರಸಂಗವೇ ಸರಿ. ಎಲ್ಲಿಯಾದರೂ ತಪ್ಪಿದ್ದರೆ ಬಲ್ಲವರು ತಿದ್ದಿಕೊಳ್ಳಲಿ. ಆದರೆ ಕಾಪುವಿನ ಹರ್ಷಿಣಿಗೆ ಆ ಮೂರು ದಿನಗಳಲ್ಲಿ ಆದದ್ದನ್ನು ಓದಿದವರು ಯಾರೂ ಹೇಳುವ ಹಾಗೆ ಕಾಣಲಿಲ್ಲ. ಅದಕ್ಕೇ ಈ ಧೈರ್ಯ.

ಹರ್ಷಿಣಿಗೆ ಮೂವತ್ತನಾಲ್ಕು ವರ್ಷ. ಹಗಲು ಮಂಜುಗಡ್ಡೆ ಕಾರ್ಖಾನೆಯಲ್ಲಿ ಬಿಲ್ಲು ಬರೆದು, ಸಂಜೆ ಉಡುಪಿಯಲ್ಲಿ ತರಗತಿಗೆ ಕೂತು ಬಿ.ಕಾಂ. ಮುಗಿಸಿದವಳು. ಮೇ ತಿಂಗಳಿನಿಂದ ಮಣಿಪಾಲದಲ್ಲಿ ಲೊರ್ನಾ ಮೇಡಂ ನಡೆಸುವ ಕಾಡಿನ ಅಧ್ಯಯನದಲ್ಲಿ ಕಂಪ್ಯೂಟರಿಗೆ ಅಂಕಿ ತುಂಬುವ ತಾತ್ಕಾಲಿಕ ಕೆಲಸಕ್ಕೆ ಸೇರಿದ್ದಳು. ಸೇರುವ ದಿನ ಅವಳಿಗೆ ಗೊತ್ತಿದ್ದ ಮರಗಳು ಮೂರು: ತೆಂಗು, ಮಾವು, ಹಲಸು. ಉಳಿದದ್ದೆಲ್ಲ ‘ಕಾಡುಮರ’.

ಮೊದಲ ದಿನವೇ ಮೇಡಂ ಗೋಡೆಯ ಮೇಲಿನ ಪ್ರಪಂಚದ ಭೂಪಟದ ಎದುರು ಅವಳನ್ನು ನಿಲ್ಲಿಸಿದ್ದರು. ಪಟದ ತುಂಬ ಬಣ್ಣದ ಚುಕ್ಕೆಗಳು. ಒಂದೊಂದು ಚುಕ್ಕೆ ಒಂದೊಂದು ಕಾಡು.

“ಮರ ಒಂದೇ ಬದುಕುವುದಿಲ್ಲ ಹರ್ಷಿಣಿ. ಬೇರಿನ ಜೊತೆ ಅಣಬೆ ಸಂಸಾರ ಮಾಡ್ತದೆ. ಮರ ಸಕ್ಕರೆ ಕೊಡ್ತದೆ, ಅಣಬೆ ಮಣ್ಣಿನಿಂದ ಸಾರ ತಂದು ಕೊಡ್ತದೆ. ಕೆಲವು ಮರಗಳಲ್ಲಿ ಈ ಅಣಬೆ ಬೇರಿನ ತುದಿಗೆ ಹೊರಗಿಂದ ಸುತ್ತಿಕೊಳ್ತದೆ, ಸಾಕ್ಸ್ ಹಾಕಿದ ಹಾಗೆ. ಬೇರೆ ಮರಗಳಲ್ಲಿ ಬೇರಿನ ಒಳಗೇ ಅಡಗಿ ಕೂತಿರ್ತದೆ. ಹೊರಗೆ ಎಂತದೂ ಕಾಣುವುದಿಲ್ಲ.”

“ಅದಕ್ಕೂ ಚುಕ್ಕೆಗೂ ಎಂತ ಸಂಬಂಧ ಮೇಡಂ?”

“ಅದೇ ಮಜಾ. ಉತ್ತರಕ್ಕೆ, ಚಳಿ ದೇಶಕ್ಕೆ ಹೋಗು. ಮೈಲುಗಟ್ಟಲೆ ಕಾಡು, ಆದರೆ ಮರದ ಜಾತಿ ಎಣಿಸ್ಲಿಕ್ಕೆ ಎರಡು ಕೈಯ ಬೆರಳು ಸಾಕು. ಹೆಚ್ಚಿನವು ಸಾಕ್ಸಿನ ಮರಗಳು. ಕೆಳಗೆ, ನಮ್ಮ ಬದಿಗೆ ಬಂದ ಹಾಗೆ ಜಾತಿ ಹೆಚ್ಚಾಗ್ತಾ ಬರ್ತದೆ, ಸಾಕ್ಸ್ ಕಡಿಮೆ ಆಗ್ತಾ ಬರ್ತದೆ. ಯಾಕೆ? ಒಂದಕ್ಕೊಂದು ಸಂಬಂಧ ಉಂಟಾ, ಇಲ್ಲವಾ? ಅದನ್ನು ನೋಡ್ಲಿಕ್ಕೆ ಪ್ರಪಂಚದ ಎಲ್ಲ ಕಡೆಯವರೂ ತಮ್ಮ ತಮ್ಮ ಕಾಡಿನ ಲೆಕ್ಕ ಕಳಿಸ್ತಿದ್ದಾರೆ. ನಮ್ಮದು ಹದಿಮೂರು ಡಿಗ್ರಿ. ನೋಡು, ಇಲ್ಲಿ.” ಮೇಡಂ ಬೆರಳಿಟ್ಟ ಕಡೆ ಚುಕ್ಕೆ ಇರಲಿಲ್ಲ. ಕಾರ್ಕಳದಿಂದ ಬಜಗೋಳಿ ದಾಟಿ ಮೇಲೆ ಹತ್ತುವ ಆ ಕಾಡಿನ ಜಾಗದಲ್ಲಿ ಬರೀ ಹಳದಿ ಕಾಗದ.

ಆ ಖಾಲಿ ಜಾಗ ಹರ್ಷಿಣಿಯ ತಲೆಗೆ ಹೊಕ್ಕಿತು. ಹಗಲೂ ರಾತ್ರಿ ಅದೇ ಧ್ಯಾನ. ಒಮ್ಮೆ ಮೇಡಂ ಜೊತೆ ಬಜಗೋಳಿಗೂ ಹೋಗಿ ಬಂದಳು. ಹಗ್ಗ ಕಟ್ಟಿ ಕಾಡನ್ನು ಚೌಕ ಚೌಕವಾಗಿ ಮೂವತ್ತಾರು ತುಂಡು ಮಾಡಿದ್ದರು. ಹಗ್ಗ ಹಿಡಿಯುವ ದೇಜಪ್ಪ ಒಂದು ತುಂಡಿನಲ್ಲಿ ನಿಂತು ಹೆಬ್ಬಲಸು, ರಾಂಪತ್ರೆ, ನೇರಳೆ, ಪುನರ್ಪುಳಿ ಎಂದು ಒಂದೇ ಉಸಿರಿನಲ್ಲಿ ಹತ್ತೊಂಬತ್ತು ಹೆಸರು ಹೇಳಿದ. ಇವೆಲ್ಲ ಬರಿಬೇರಿನವು. ಸಾಕ್ಸ್ ಹಾಕುವುದು ಬೋಗಿ ಮರ. ಅದು ಕೆಲವು ತುಂಡುಗಳಲ್ಲಿ ಇಲ್ಲವೇ ಇಲ್ಲ, ಕೆಲವು ಕಡೆ ಅರ್ಧಕ್ಕರ್ಧ, ಇಪ್ಪತ್ತಮೂರನೇ ತುಂಡಿನಲ್ಲಂತೂ ಹೆಚ್ಚುಕಡಿಮೆ ಬರೀ ಅದೇ. ಅವತ್ತು ವಾಪಸು ಬರುವಾಗ ಕಾರ್ಕಳದಿಂದ ಉಡುಪಿಯವರೆಗೂ ಹರ್ಷಿಣಿ ಬಸ್ಸಿನ ಕಿಟಕಿಯಿಂದ ಕತ್ತು ಹೊರಗೆ ಹಾಕಿ ಮರಗಳಿಗೆ ಹೆಸರು ಹಿಡಿದು ಕರೆಯುತ್ತ ಬಂದಳು. ಕಂಡಕ್ಟರ್ ಎರಡು ಸಲ “ಯಾರಾದರೂ ಇಳೀಲಿಕ್ಕುಂಟಾ?” ಎಂದು ಕೇಳಿದ.

ಪ್ರತಿ ತುಂಡಿನ ಮಣ್ಣಿನಿಂದ ತೊಳೆದು ತೆಗೆದ ಬೇರು ಒಂದೊಂದು ಬಾಟಲಿಯಲ್ಲಿ ಸ್ಪಿರಿಟಿನಲ್ಲಿ ಮುಳುಗಿ ಕೂತಿತ್ತು. ಬೇರನ್ನು ಟ್ರೇಯಲ್ಲಿ ಹರಡಿ, ಭೂತಗನ್ನಡಿಯ ಕೆಳಗೆ ಕೈಗೆ ಬಂದ ಹಾಗೆ ನೂರು ತುದಿ ಹೆಕ್ಕಬೇಕು. ಸಾಕ್ಸಿನದ್ದು ಎಡಕ್ಕೆ, ಬರಿಬೇರು ಬಲಕ್ಕೆ. ಎಡದಲ್ಲಿ ಎಷ್ಟು ಉಂಟೋ ಅದೇ ಆ ತುಂಡಿನ ಅಂಕಿ. ಕೆಲಸ ಸುಲಭ, ಆದರೆ ಕಣ್ಣು ಹೋಗುತ್ತದೆ. ಸಂಶೋಧನೆ ಮಾಡುವ ಬ್ರಯಾನ್ ಒಂದು ಬಾಟಲಿಗೆ ಒಂದೂವರೆ ಗಂಟೆ ತೆಗೆದುಕೊಂಡು, ಮರುದಿನ ತಲೆನೋವೆಂದು ರಜೆ ಹಾಕಿದ.

ಆಗ ಹರ್ಷಿಣಿ ತನ್ನ ದೊಡ್ಡಮ್ಮನ ಹೆಸರು ಹೇಳಿದಳು. ಕಾಪುವಿನ ಅಪ್ಪಿ ಎಂದರೆ ಮೀನು ಎಣಿಸುವುದರಲ್ಲಿ ಕಡಲಬದಿಗೇ ಹೆಸರು. ಅರುವತ್ತೆರಡರ ಹೆಂಗಸು, ಬಂಗುಡೆಯನ್ನು ಕೈಗೆ ನಾಲ್ಕರಂತೆ ಹಿಡಿದು ಬುಟ್ಟಿಗೆ ಎಸೆದರೆ ನೋಡುವವರಿಗೆ ಬೆಳ್ಳಿಯ ಗೆರೆ ಮಾತ್ರ ಕಾಣುತ್ತದೆ. ಜೂನ್, ಜುಲೈ ಎರಡು ತಿಂಗಳು ಮೀನುಗಾರಿಕೆಗೆ ರಜೆ, ಅಪ್ಪಿಗೂ ಕೆಲಸವಿಲ್ಲ. ಬಂದಳು, ಚಿಮುಟ ಹಿಡಿದಳು, ಎರಡೇ ದಿನದಲ್ಲಿ ಒಂದು ಬಾಟಲಿ ಹತ್ತು ನಿಮಿಷಕ್ಕೆ ಇಳಿಯಿತು. ಮೂವತ್ತಾರೂ ಅವಳೇ ಮುಗಿಸಿದಳು, ಹರ್ಷಿಣಿ ಅಂಕಿ ತುಂಬಿ ಪಟ್ಟಿ ಕಳಿಸಿದಳು. ಆಗಸ್ಟಿನಲ್ಲಿ ದೋಣಿಗಳು ಕಡಲಿಗಿಳಿದವು, ಅಪ್ಪಿ ಬುಟ್ಟಿಗೆ ಮರಳಿದಳು.

ಸೆಪ್ಟೆಂಬರಿನ ಒಂದು ಬುಧವಾರ ಬೆಳಿಗ್ಗೆ ಕಂಪ್ಯೂಟರಿಗೆ ಪರದೇಶದಿಂದ ಕಾಗದ ಬಂತು. ಎಲ್ಲರ ಲೆಕ್ಕವನ್ನೂ ಕೂಡಿಸುವ ಕಚೇರಿಯ ಕಂಪ್ಯೂಟರ್ ಮಣಿಪಾಲದ ಪಟ್ಟಿಯನ್ನು ಹಿಂದಕ್ಕೆ ತಳ್ಳಿತ್ತು. ಇಪ್ಪತ್ತಮೂರನೇ ತುಂಡು: ನೂರು ಬೇರಿನ ತುದಿಗಳಲ್ಲಿ ನೂರನಾಲ್ಕಕ್ಕೆ ಸಾಕ್ಸ್. ಇದು ಹೇಗೆ ಸಾಧ್ಯ? ನಿಮ್ಮ ಸಮಯ ಪ್ರಕಾರ ಶುಕ್ರವಾರ ಸಂಜೆ ಐದರೊಳಗೆ ಸರಿಪಡಿಸಿದ ಪಟ್ಟಿ ಬಾರದಿದ್ದರೆ ನಿಮ್ಮ ಕಾಡನ್ನು ಈ ಸಲದ ಭೂಪಟದಿಂದ ಬಿಡಬೇಕಾಗುತ್ತದೆ.

ಹರ್ಷಿಣಿ ಮೇಡಂಗೆ ಫೋನು ಮಾಡಿದಳು. ಮೇಡಂ ಬಜಗೋಳಿಯ ಕಾಡಿನಲ್ಲಿದ್ದರು, ಫೋನು ಸಿಗುವುದಿಲ್ಲ. ಬ್ರಯಾನ್ ಚಾ ಕುಡಿಯುತ್ತ ಪರದೆ ನೋಡಿ ನಕ್ಕುಬಿಟ್ಟ.

“ನೂರಕ್ಕೆ ನೂರನಾಲ್ಕಾ! ಒಂದೊಂದಕ್ಕೆ ಎರಡೆರಡು ಸಾಕ್ಸ್ ಹಾಕಿದ್ದಾ ಹೇಗೆ ಹರ್ಷಿಣಿ ಅಕ್ಕಾ?”

“ನಗಬೇಡ ಮಾರಾಯಾ. ನನ್ನ ಕೆಲಸ ಹೋಗುವುದು ಬೇರೆ, ಚುಕ್ಕೆಯೇ ಹೋಗ್ತದೆ.”

“ಎಂತದೂ ಹೋಗುವುದಿಲ್ಲ. ನೂರು ಅಂತ ಮಾಡಿ ಕಳಿಸಿಬಿಡಿ. ಅಲ್ಲಿ ಇರುವುದೇ ಬರೀ ಬೋಗಿ ಮರ ಅಲ್ವಾ? ಯಾರು ನೋಡ್ತಾರೆ?”

ಒಂದು ಅಂಕಿ ಬದಲಿಸಲು ಎರಡು ಕ್ಷಣ ಸಾಕಿತ್ತು. ಹರ್ಷಿಣಿ ಬೆರಳನ್ನು ಕೀಲಿಯ ಮೇಲೆ ಇಟ್ಟೂ ಇಟ್ಟಳು. ಆದರೆ ಆ ನಾಲ್ಕು ಎಲ್ಲಿಂದ ಬಂದವು? ಒಂದು ತುಂಡಿನಲ್ಲಿ ಬಂದದ್ದು ಉಳಿದ ಮೂವತ್ತೈದರಲ್ಲಿ ಬಾರದೆ ಇರುತ್ತದೆಯೇ? ಅಲ್ಲಿ ಮೂವತ್ತು ಇರಬೇಕಾದದ್ದು ಮೂವತ್ತನಾಲ್ಕು ಆಗಿದ್ದರೆ ಯಾವ ಕಂಪ್ಯೂಟರಿಗೂ ತಿಳಿಯುವುದಿಲ್ಲ. ಆಗ ಅವಳಿಗೆ ಇನ್ನೊಂದು ಹೊಳೆಯಿತು. ತಾನು ಪ್ರತಿ ಸಲ ಎಡಗಡೆಯದ್ದನ್ನು ಮಾತ್ರ ಎಣಿಸಿ ಬರೆದಿದ್ದಳು. ಎಡ ಬಲ ಕೂಡಿಸಿದರೆ ನೂರಾಗುತ್ತದೆಯೇ ಎಂದು ಒಂದು ಸಲವೂ ನೋಡಿರಲಿಲ್ಲ. ಎಣಿಸಿದ್ದು ಅಪ್ಪಿ ದೊಡ್ಡಮ್ಮ ಅಲ್ಲವೇ, ನೋಡುವುದೆಂತ!

ಕೀಲಿಯಿಂದ ಬೆರಳು ತೆಗೆದು, ಛತ್ರಿ ಹಿಡಿದು, ಅವಳು ಕಾಪುವಿನ ಬಸ್ಸು ಹತ್ತಿದಳು.

ದೋಣಿ ಆಗಷ್ಟೇ ಬಂದಿತ್ತು. ಮರಳಿನ ಮೇಲೆ ಬಂಗುಡೆಯ ರಾಶಿ, ಸುತ್ತ ಬುಟ್ಟಿಯವರ ಗದ್ದಲ. ಅಪ್ಪಿ ಸೀರೆ ಎತ್ತಿ ಕಟ್ಟಿ ಕುಕ್ಕರುಗಾಲಿನಲ್ಲಿ ಕೂತಿದ್ದಳು. ಹರ್ಷಿಣಿ ಹಿಂದೆ ನಿಂತು ನೋಡಿದಳು. ಕೈಗೆ ನಾಲ್ಕು, ಕೈಗೆ ನಾಲ್ಕು, ಇಪ್ಪತ್ತೈದು ಕೈ. ನೂರು. ಅಷ್ಟಕ್ಕೆ ಅಪ್ಪಿಯ ಕೈ ನಿಲ್ಲಲಿಲ್ಲ. ರಾಶಿಯ ಮೇಲೆ ಒಂದು ಸುತ್ತು ಹಾಕಿ, ಕಣ್ಣು ಕೆಂಪಾಗದ, ಹೊಟ್ಟೆ ಗಟ್ಟಿಯಿದ್ದ ಐದು ಮೀನುಗಳನ್ನು ಆರಿಸಿ, ಕೊಳ್ಳುವವರಿಗೆ ಪುಕ್ಕಟೆ ಎಂದು ಅದೇ ಬುಟ್ಟಿಗೆ ಹಾಕಿತು. ಕೊಸರು.

“ದೊಡ್ಡಮ್ಮಾ!” ಹರ್ಷಿಣಿ ಕೂಗಿದ್ದು ಕೇಳಿ ಎರಡು ಕಾಗೆ ಹಾರಿದವು. “ಬೇರಿಗೂ ಕೊಸರು ಹಾಕಿದ್ದಾ ನೀನು?”

ಅಪ್ಪಿ ತಿರುಗಿ ಅವಳನ್ನು ಮೇಲಿಂದ ಕೆಳಗೆ ನೋಡಿದಳು. “ಮತ್ತೆ? ನೂರು ಅಂದರೆ ಬರೀ ನೂರು ಕೊಡುವವಳು ನಾನಾ? ಮಣಿಪಾಲದವರು ಮರ್ಯಾದೆಯಲ್ಲಿ ಕರೆದು ಕೆಲಸ ಕೊಟ್ಟಿದ್ದಾರೆ, ಚಾ ತಿಂಡಿ ಕೊಟ್ಟಿದ್ದಾರೆ. ಅವರಿಗೆ ಜಿಪುಣತನ ತೋರಿಸ್ಲಿಕ್ಕೆ ಆಗ್ತದಾ?”

“ಐದೈದಾ?”

“ಐದೈದು. ಅದೂ ಹಾಳು ಮೂಳು ಹಾಕಲಿಲ್ಲ. ನೂರರಲ್ಲಿ ಕೈಗೆ ಬಂದದ್ದು ಬರಬೇಕು, ಕೊಸರು ಮಾತ್ರ ಆರಿಸಿ ಕೊಡಬೇಕು. ಗುಂಡುಗುಂಡಗೆ ಸಾಕ್ಸ್ ಹಾಕಿದ್ದನ್ನೇ ನೋಡಿ ನೋಡಿ ಹಾಕಿದ್ದೇನೆ. ಯಾಕೆ, ಕಡಿಮೆ ಬಿತ್ತಾ ಅವರಿಗೆ?”

ಅಳಬೇಕೆಂದು ಬಾಯಿ ತೆರೆದ ಹರ್ಷಿಣಿಗೆ ನಗು ಬಂತು. ಮರಳಿನ ಮೇಲೆ ಕೂತು, ಛತ್ರಿಯನ್ನು ಅಪ್ಪಿಕೊಂಡು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ಪ್ರಪಂಚದ ಕಾಡುಗಳ ಲೆಕ್ಕದೊಳಗೆ ಕಾಪುವಿನ ಕೊಸರು ಹೋಗಿ ಕೂತಿತ್ತು. ಅಪ್ಪಿ ಪಕ್ಕದವಳ ಕಡೆ ತಿರುಗಿ, “ಹೆಚ್ಚು ಓದಿದರೆ ಹೀಗೆ ಆಗ್ತದೆ ನೋಡು” ಎಂದಳು.

ಗುರುವಾರ ಬೆಳಿಗ್ಗೆ ಲೊರ್ನಾ ಮೇಡಂ ಎದುರು ನಿಂತಾಗ ಆ ನಗು ಇರಲಿಲ್ಲ. ಬಸ್ಸಿನಲ್ಲಿ ನಾಲ್ಕು ಸಲ ಕಲಿತುಕೊಂಡು ಬಂದ ಮಾತನ್ನು ಹರ್ಷಿಣಿ ತಲೆ ತಗ್ಗಿಸಿ ಒಪ್ಪಿಸಿದಳು: ಕೊಸರು ದೊಡ್ಡಮ್ಮನದ್ದು, ಆದರೆ ಎರಡೂ ಬದಿ ನೋಡದೆ ಬರೆದ ತಪ್ಪು ನನ್ನದು, ಕೆಲಸದಿಂದ ತೆಗೆಯುವುದಾದರೆ ನನ್ನನ್ನು ತೆಗೆಯಿರಿ. ತಲೆ ಎತ್ತಿದರೆ ಮೇಡಂ ಕುರ್ಚಿಯಲ್ಲಿ ಇರಲಿಲ್ಲ. ಮೇಜಿನ ಅಂಚು ಹಿಡಿದು ಬಗ್ಗಿ ನಗುತ್ತಿದ್ದರು. ಕನ್ನಡಕ ತೆಗೆದು ಒರೆಸಿಕೊಂಡು, “ಜೆಜು, ನನ್ನ ದೇವರೇ! ಇಪ್ಪತ್ತು ವರ್ಷದಲ್ಲಿ ಇಂಥ ತಪ್ಪು ಕಂಡದ್ದಿಲ್ಲ ನಾನು” ಎಂದರು. ಮತ್ತೆ ಗಂಭೀರವಾದರು. “ನೂರು ಅಂತ ತಿದ್ದದೆ ಬಂದು ಹೇಳಿದೆಯಲ್ಲ, ಅದು ಒಳ್ಳೆಯದಾಯ್ತು. ಈಗ ಎಂತ ಮಾಡುವಾ?”

“ಸುಲಭ ಮೇಡಂ,” ಬ್ರಯಾನ್ ಹೇಳಿದ. “ಎಲ್ಲದರಿಂದಲೂ ಐದೈದು ಕಳೆದುಬಿಡುವಾ.” ಹೇಳಿದ್ದೇ ಕೀಲಿ ಒತ್ತಿ ಕಳೆದೂ ಬಿಟ್ಟ. ಮೂವರೂ ಪರದೆಗೆ ಬಗ್ಗಿದರು. ಇಪ್ಪತ್ತಮೂರನೇ ತುಂಡು ತೊಂಬತ್ತೊಂಬತ್ತು. ಸರಿ. ಹನ್ನೆರಡನೆಯದು ನಲವತ್ತೊಂದು. ಇರಬಹುದು. ಬೋಗಿ ಮರವೇ ಇಲ್ಲದ ಒಂಬತ್ತನೇ ತುಂಡು ಮೈನಸ್ ಐದು.

“ನೂರು ಬೇರಿನಲ್ಲಿ ಮೈನಸ್ ಐದಕ್ಕೆ ಸಾಕ್ಸ್,” ಮೇಡಂ ಓದಿದರು. “ಅಂದರೆ ನಾವೇ ಕಾಡಿಗೆ ಐದು ಜೊತೆ ಸಾಕ್ಸ್ ಬಾಕಿ ಕೊಡಬೇಕು. ಅಲ್ವಾ ಬ್ರಯಾನ್?”

ಸಾಕ್ಸೇ ಇಲ್ಲದ ಟ್ರೇಯಲ್ಲಿ ಅಪ್ಪಿ ಕೊಸರಿಗೆ ದಪ್ಪ ಬರಿಬೇರನ್ನೇ ಆರಿಸಿರಬೇಕು. ಎಲ್ಲೆಲ್ಲಿ ಯಾವುದನ್ನು ಎಷ್ಟು ಹಾಕಿದ್ದಳೆಂದು ಯಾರಿಗೂ ಹೇಳಲು ಬಾರದು. ಇದ್ದ ದಾರಿ ಒಂದೇ. ಬಾಟಲಿಗಳಲ್ಲಿ ಬೇರು ಇನ್ನೂ ಉಂಟು. ಮೂವತ್ತಾರನ್ನೂ ಹೊಸದಾಗಿ ಎಣಿಸಬೇಕು, ಮರುದಿನ ಸಂಜೆ ಐದರೊಳಗೆ.

ಅವತ್ತು ಸಂಜೆಯವರೆಗೆ ಹರ್ಷಿಣಿ, ಬ್ರಯಾನ್ ಇಬ್ಬರೂ ಕೂತು ಮುಗಿಸಿದ್ದು ಆರು ಬಾಟಲಿ. ಬ್ರಯಾನನಿಗೆ ಗೋಡೆಯೂ ಬೇರಿನ ಹಾಗೆ ಕಾಣತೊಡಗಿತ್ತು. ಮನೆಗೆ ಹೋದವಳೇ ಹರ್ಷಿಣಿ ದೊಡ್ಡಮ್ಮನ ಕಾಲ ಬುಡದಲ್ಲಿ ಕೂತಳು.

“ನಾಳೆ ಒಂದು ದಿನ ಬಾ ದೊಡ್ಡಮ್ಮ.”

“ನಾಳೆ ಬಂಗುಡೆ ಉಂಟು.”

“ಪರದೇಶದವರು ನಿನ್ನ ಎಣಿಕೆ ತಪ್ಪು ಅಂತ ಕಾಗದ ಬರೆದಿದ್ದಾರೆ.”

ಅಪ್ಪಿಯ ಕೈಯ ಎಲೆಯಡಿಕೆ ಅರ್ಧದಲ್ಲಿ ನಿಂತಿತು. “ಅಪ್ಪಿಯ ಎಣಿಕೆ ತಪ್ಪು ಅಂತಲಾ? ಯಾರವನು? ಬಸ್ಸು ಎಷ್ಟು ಗಂಟೆಗೆ?”

ಶುಕ್ರವಾರ ಒಂಬತ್ತೂವರೆಗೆ ಅಪ್ಪಿ ಬಂದು ದೀಪದ ಕೆಳಗೆ ಕೂತಳು. ಉಳಿದದ್ದು ಮೂವತ್ತು ಬಾಟಲಿ. ಮೇಡಂ ಕೈಮುಗಿದು ಹೇಳಿದರು, “ಅಪ್ಪಿಯಕ್ಕ, ಇವತ್ತು ಬರೀ ನೂರು. ಕೊಸರು ಬೇಡ.” ಅಪ್ಪಿ ತಲೆಯಾಡಿಸಿದಳು. ಮೊದಲ ಬಾಟಲಿಯ ನೂರು ಮುಗಿಯಿತು. ಮೂವರ ಕಣ್ಣೆದುರೇ ಚಿಮುಟ ಟ್ರೇಯ ಮೇಲೆ ಒಂದು ಸುತ್ತು ಹಾಕಿ, ಐದು ಚಂದದ ಬೇರು ಆರಿಸಿ ಎಡಕ್ಕೆ ಹಾಕಿತು.

“ಅಯ್ಯೋ, ದೊಡ್ಡಮ್ಮ!”

“ನಾನೆಂತ ಮಾಡಲಿ? ಕೈ ಹೋಗ್ತದೆ! ನಲವತ್ತೈದು ವರ್ಷದ ಕೈ, ನೀನು ಹೇಳಿದರೆ ಕೇಳ್ತದಾ?”

ಎರಡನೆಯದರಲ್ಲೂ ಹಾಗೇ ಆಯಿತು. ಹರ್ಷಿಣಿ ತೊಂಬತ್ತೊಂಬತ್ತಕ್ಕೆ ಕೂಗಿ ನಿಲ್ಲಿಸಲು ನೋಡಿದಳು. ಅಪ್ಪಿಗೆ ಲೆಕ್ಕ ತಪ್ಪಿ ಮತ್ತೆ ಮೊದಲಿಂದ ಹಿಡಿಯಬೇಕಾಯಿತು. ಗಂಟೆ ಹತ್ತಾಗಿತ್ತು, ಆದ ಬಾಟಲಿ ಒಂದೂ ಇಲ್ಲ. ಆಗ ಹರ್ಷಿಣಿ ಎದ್ದು ತನ್ನ ಬುತ್ತಿಯಿಂದ ಚಟ್ನಿಯ ಸ್ಟೀಲು ಬಟ್ಟಲು ತೊಳೆದು ತಂದು ಟ್ರೇಯ ಪಕ್ಕ ಇಟ್ಟಳು.

“ನೀನು ಕೊಸರು ಹಾಕು ದೊಡ್ಡಮ್ಮ. ಇದಕ್ಕೆ ಹಾಕು.”

ಅಪ್ಪಿಯ ಮುಖ ಅರಳಿತು. ಕೈಗೆ ಅದರ ದಾರಿ ಸಿಕ್ಕಿತು. ನೂರು ಟ್ರೇಗೆ, ಐದು ಬಟ್ಟಲಿಗೆ. ಹರ್ಷಿಣಿ ಪ್ರತಿ ಸಲ ಎಡ, ಬಲ ಎರಡನ್ನೂ ಎಣಿಸಿ, ಕೂಡಿಸಿ, “ನೂರು!” ಎಂದು ಕೂಗತೊಡಗಿದಳು. ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ. ಬ್ರಯಾನ್ ಬಾಟಲಿ ತೆರೆದು ಹರಡುವವನು, ಮೇಡಂ ಪಟ್ಟಿ ಓದುವವರು. ಹನ್ನೊಂದು ಬಾಟಲಿ ಆಗುವ ಹೊತ್ತಿಗೆ ಆ ಕೋಣೆ ಹರಾಜಿನ ಕಡಲಬದಿಯಂತೆ ಆಗಿಬಿಟ್ಟಿತ್ತು. ಪಕ್ಕದ ಕೋಣೆಯವರು ಬಂದು ಇಣುಕಿ ಹೋದರು.

ಎಣಿಸುತ್ತಲೇ ಅಪ್ಪಿ ಮೇಡಂ ಅವರನ್ನು ಕೇಳಿದಳು, “ಅಲ್ಲ ಬಾಯಮ್ಮ, ಈ ಸಾಕ್ಸಿನ ಮರ ಇರುವಲ್ಲಿ ಬೇರೆ ಜಾತಿ ಯಾಕೆ ಕಡಿಮೆ?”

“ಒಂದು ವಿಚಾರ ಉಂಟು ಅಪ್ಪಿಯಕ್ಕ,” ಮೇಡಂ ಹೇಳಿದರು. “ಬರಿಬೇರಿನ ಮರದ ಬುಡದಲ್ಲಿ ಅದರದ್ದೇ ಗಿಡ ಏಳುವುದು ಕಷ್ಟ. ಆ ಜಾತಿಗೆ ಹಿಡಿಯುವ ರೋಗ ಅಲ್ಲಿನ ಮಣ್ಣಲ್ಲೇ ಕೂತಿರ್ತದೆ. ಹಾಗಾಗಿ ಆ ಜಾಗ ಬೇರೆ ಜಾತಿಗೆ ಸಿಗ್ತದೆ. ಸಾಕ್ಸಿನ ಮರದ್ದು ಹಾಗಲ್ಲ. ತಾಯಿಯ ಬೇರಿನ ಅಣಬೆಯೇ ಮಕ್ಕಳಿಗೂ ಸಾಕ್ಸ್ ಹಾಕಿ ಕಾಪಾಡ್ತದೆ. ತಾಯಿಯ ಸುತ್ತ ಬರೀ ಅದರದ್ದೇ ಮಕ್ಕಳು.”

“ಹಾಗಾದರೆ ಬೋಗಿಯದ್ದು ನಮ್ಮ ಕೇರಿಯ ಹಾಗೆ. ಈ ಮನೆ ಅಕ್ಕ, ಆ ಮನೆ ಮಾವ, ಎದುರು ಮನೆ ನಾದಿನಿ. ಹೊರಗಿನವ ಬಂದು ಒಂದು ಬಾಡಿಗೆ ಮನೆ ಕೇಳಿದರೂ ಸಿಗ್ಲಿಕ್ಕಿಲ್ಲ.” ಅಪ್ಪಿ ಐದು ಬೇರನ್ನು ಬಟ್ಟಲಿಗೆ ಹಾಕಿದಳು. “ನೂರು ಆಯ್ತು, ಎಣಿಸಿಕೋ.”

ನಾಲ್ಕೂ ಮುಕ್ಕಾಲಿಗೆ ಕೊನೆಯ ಬಾಟಲಿ ಬಂತು. ಇಪ್ಪತ್ತಮೂರನೇ ತುಂಡನ್ನೇ ಹರ್ಷಿಣಿ ಹೆದರಿ ಹೆದರಿ ಕೊನೆಗೆ ಇಟ್ಟಿದ್ದಳು. ಅಪ್ಪಿ ಎಣಿಸಿದಳು. ಹರ್ಷಿಣಿ ಎಡ ಎಣಿಸಿದಳು, ತೊಂಬತ್ತೆಂಟು. ಬಲ ಎಣಿಸಿದಳು, ಎರಡು. ತಪ್ಪಿರಬಹುದೆಂದು ಮತ್ತೊಮ್ಮೆ ಎಣಿಸಿದಳು. ಬ್ರಯಾನ್ ಗಡಿಯಾರ ನೋಡಿ ಉಗುರು ಕಚ್ಚಿದ. “ನೂರು!” ಎಂದು ಅವಳು ಕೂಗಿದ್ದಕ್ಕೆ ಮೇಡಂ ಸಹ ಕುಣಿದುಬಿಟ್ಟರು.

“ಈ ಬಟ್ಟಲನ್ನು ಯಾವಾಗ ಕಳಿಸುವುದು?” ಅಪ್ಪಿ ಕೇಳಿದಳು.

“ಅದನ್ನು ಕಳಿಸ್ಲಿಕ್ಕಿಲ್ಲ ದೊಡ್ಡಮ್ಮ.”

“ಕೊಸರಿಲ್ಲದೆ ಹೇಗೆ ಕಳಿಸ್ತೀ? ನಮ್ಮ ಊರಿನ ಹೆಸರು ಹಾಳಾಗುವುದಿಲ್ವಾ?”

ಐದಕ್ಕೆ ಆರು ನಿಮಿಷ ಇತ್ತು. ಹರ್ಷಿಣಿ ಮೇಡಂ ಮುಖ ನೋಡಿದಳು. ಮೇಡಂ ಕಣ್ಣಲ್ಲೇ ಹೂಂ ಎಂದರು. ಷರಾದ ಜಾಗದಲ್ಲಿ ಅವಳು ನಡೆದದ್ದನ್ನು ನಡೆದ ಹಾಗೆ ಬರೆದಳು: ಮೊದಲ ಪಟ್ಟಿಯಲ್ಲಿ ಪ್ರತಿ ನೂರಕ್ಕೆ ಐದು ಬೇರು ಹೆಚ್ಚು ಸೇರಿತ್ತು, ಅದು ನಮ್ಮ ಊರಿನ ಎಣಿಕೆಯ ಮರ್ಯಾದೆ, ಈಗ ಎಲ್ಲವನ್ನೂ ಹೊಸದಾಗಿ ಎಣಿಸಿದ್ದೇವೆ, ಹೆಚ್ಚಿನವನ್ನು ಬೇರೆ ಬಟ್ಟಲಿನಲ್ಲಿ ಇಟ್ಟಿದ್ದೇವೆ, ಬೇಕಾದರೆ ತಿಳಿಸಿ. ಗುಂಡಿ ಒತ್ತಿದಳು. ಪಟ್ಟಿ ಹೋಯಿತು. ಅಪ್ಪಿ ಬಾಯಿ ತುಂಬ ಎಲೆಯಡಿಕೆ ಹಾಕಿಕೊಂಡು, “ಇಷ್ಟೇಯಾ? ಲಾರಿ ಬರುವುದಿಲ್ವಾ?” ಎಂದಳು.

ಮೂರು ವಾರದ ಮೇಲೆ ಹೊಸ ಭೂಪಟ ಬಂತು. ಹದಿಮೂರು ಡಿಗ್ರಿಯಲ್ಲಿ ಒಂದು ಹಸಿರು ಚುಕ್ಕೆ. ಎಳ್ಳಿನಷ್ಟೇ, ಆದರೆ ಅವರದ್ದು. ಹರ್ಷಿಣಿ ಅದನ್ನು ಮುಟ್ಟಿ ಮುಟ್ಟಿ ನೋಡಿದಳು, ಫೋಟೊ ತೆಗೆದು ದೊಡ್ಡಮ್ಮನಿಗೆ ಕಳಿಸಿದಳು. ಮಾರ್ಚಿನವರೆಗೆ ಇದ್ದ ಅವಳ ಕೆಲಸವನ್ನು ಮೇಡಂ ಇನ್ನೊಂದು ವರ್ಷ ಮುಂದಕ್ಕೆ ಬರೆದರು.

ಭೂಪಟದ ಜೊತೆ ಒಂದು ನಕ್ಷೆಯೂ ಬಂದಿತ್ತು. ಸಾಕ್ಸ್ ಹೆಚ್ಚಾದಷ್ಟೂ ಮರದ ಜಾತಿ ಕಡಿಮೆಯಾಗುತ್ತದೆ ಎಂದು ಇಳಿಯುತ್ತ ಹೋಗುವ ಒಂದು ಗೆರೆ. ಹೆಚ್ಚಿನ ಕಾಡುಗಳ ಚುಕ್ಕೆಗಳು ಆ ಗೆರೆಯ ಆಚೀಚೆಗೆ ಅಂಟಿಕೊಂಡಿದ್ದವು. ಇವರ ಕಾಡಿನದ್ದು ಗೆರೆಯಿಂದ ಎಷ್ಟೋ ಮೇಲೆ ಒಂಟಿಯಾಗಿ ಕೂತಿತ್ತು. ಅಷ್ಟು ಸಾಕ್ಸ್ ಇದ್ದೂ ಅಷ್ಟು ಜಾತಿ! ಮತ್ತೆ ಎಣಿಕೆ ತಪ್ಪಿತೋ ಎಂದುಕೊಂಡಳು ಹರ್ಷಿಣಿ. ಪಟ್ಟಿ ತೆರೆದು ಮೂವತ್ತಾರನ್ನೂ ಕೂಡಿಸಿ ನೋಡಿದಳು. ಎಲ್ಲವೂ ನೂರು. ದೇಜಪ್ಪನ ಮರಗಳ ಪಟ್ಟಿಯೂ ಸರಿ ಇತ್ತು. ಬೋಗಿ ಮತ್ತು ಬರಿಬೇರಿನ ಮರ ಅರ್ಧಕ್ಕರ್ಧ ಇದ್ದ ತುಂಡುಗಳಲ್ಲೇ ಜಾತಿ ಅತಿ ಹೆಚ್ಚು. ಬರೀ ಬೋಗಿ ಇದ್ದಲ್ಲಿಗಿಂತಲೂ ಹೆಚ್ಚು, ಬೋಗಿ ಇಲ್ಲದಲ್ಲಿಗಿಂತಲೂ ಹೆಚ್ಚು.

“ಎಣಿಕೆಯಲ್ಲಿ ತಪ್ಪಿಲ್ಲ ಮೇಡಂ. ಹಾಗಾದರೆ ಯಾಕೆ ಹೀಗೆ?”

ಲೊರ್ನಾ ಮೇಡಂ ನಕ್ಷೆಯನ್ನು ಹತ್ತಿರ ಎಳೆದುಕೊಂಡರು. ಎರಡು ಬಗೆಯ ಅಣಬೆ ಸೇರಿದ್ದರಿಂದ ಅಲ್ಲಿ ಹೆಚ್ಚು ಜಾತಿಗೆ ಜಾಗವಾಯಿತೋ, ಹೆಚ್ಚು ಜಾತಿ ಮೊದಲೇ ಇದ್ದದ್ದರಿಂದ ಎರಡು ಬಗೆಯ ಅಣಬೆಯೂ ಉಳಿಯಿತೋ, ಅಥವಾ ಇವೆರಡೂ ಅಲ್ಲದೆ ಅಲ್ಲಿನ ಮಣ್ಣು ಮಳೆಯ ಕಾರಣವೋ, ಇನ್ನೂ ಯಾರಿಗೂ ತಿಳಿದಿಲ್ಲ ಎಂದರು. ತನಗೂ ತಿಳಿಯದು ಎಂದರು. ಹರ್ಷಿಣಿಗೂ ತಿಳಿಯಲಿಲ್ಲ. ಇದನ್ನು ಬರೆಯುವ ಹೊತ್ತಿಗೂ ಅದು ತಿಳಿದಿಲ್ಲ.